ಮಲಕಾಜಪ್ಪನ ಕಾಲಿನೊಳಗಿನ ಗಾಳಿ

ನಾನು ಒಂದು ಪಂಪು. ಗಾಳಿ ಎಳೆಯುವ ಪಂಪು. ನೀರೆತ್ತುವ ನನ್ನ ಬಂಧುಗಳ ಬಾಯಿಂದ ಏನಾದರೂ ಧುಮುಕುತ್ತದೆ, ಜನ ನೋಡಿ ಸಂತೋಷಪಡುತ್ತಾರೆ. ನಾನು ಎಳೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹುಟ್ಟಿದ್ದೇನೋ ಬೇರೆ ಕೆಲಸಕ್ಕೆ. ಕರಿ ಮೊಟ್ಟೆಯಂಥ ಕಬ್ಬಿಣದ ಚಿಪ್ಪಿನೊಳಗೆ ಮೋಟರನ್ನೂ ಒಂದು ಲೋಟ ಎಣ್ಣೆಯನ್ನೂ ಇಟ್ಟು ಬೆಸೆದು, ಒಂದು ಫ್ರಿಜ್ಜಿನ ಬೆನ್ನಿಗೆ ಕಟ್ಟಿದರು. ಇಳಕಲ್ಲಿನಲ್ಲಿ ಹಾಜರಾಬಿ ಎಂಬಾಕೆಯ ಲಸ್ಸಿ ಅಂಗಡಿಯ ಮೂಲೆಯಲ್ಲಿ ಹನ್ನೊಂದು ಬೇಸಿಗೆ ಗುಂಯ್‌ಗುಟ್ಟಿದೆ. ನೆಲದ ಮಟ್ಟದಿಂದ ನನಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಹೆಜ್ಜೆ ನೋಡಿಯೇ ಯಾರಿಗೆ ಎಷ್ಟು ಬಾಯಾರಿಕೆ ಎಂದು ತಿಳಿಯುತ್ತಿದ್ದೆ. ಆಮೇಲೆ ಫ್ರಿಜ್ಜಿನ ಮೈಗೆ ತುಕ್ಕು ಹಿಡಿಯಿತು. ಗುಜರಿಯವನು ಒಯ್ದ. ಅವನ ರಾಶಿಯಿಂದ ನನ್ನನ್ನು ಹೆಕ್ಕಿದವಳು ನೀಲಾಂಬಿಕಾ.

ನೀಲಾಂಬಿಕಾ ಅದೇ ಊರಲ್ಲಿ ಕೃತಕ ಕಾಲು ಮಾಡುವಾಕೆ. ತಗಡಿನ ಸೂರಿನ ಒಂದೇ ಕೋಣೆ, ಜೊತೆಗೆ ದಾವಲಸಾಬ ಎಂಬ ಹಳೇ ಮೆಕ್ಯಾನಿಕ್ಕು. ಅವಳು ನನ್ನ ಕೊಳವೆಗಳನ್ನು ತಿರುಗುಮುರುಗು ಮಾಡಿದಳು. ತಂಪು ಮಾಡುತ್ತಿದ್ದವನು ಅಂದಿನಿಂದ ಉಸಿರು ಎಳೆಯುವವನಾದೆ.

ಕೆಲಸ ಹೀಗೆ. ಕಾಲು ಕಳಕೊಂಡವರ ಮೊಂಡಿಗೆ ಸರಿಹೊಂದುವ ಅಚ್ಚನ್ನು ಪ್ಲಾಸ್ಟರಿನಲ್ಲಿ ಮಾಡುತ್ತಾರೆ. ಅದಕ್ಕೆ ನೂಲಿನ ಚೀಲ, ಗಾಜಿನ ಎಳೆಯ ಬಟ್ಟೆ, ಮತ್ತೆ ನೂಲಿನ ಚೀಲ, ಹೀಗೆ ಪದರ ಪದರ ತೊಡಿಸಿ ಮೇಲೆ ತೆಳು ಪ್ಲಾಸ್ಟಿಕ್ಕಿನ ಮುಸುಕು ಬಿಗಿಯುತ್ತಾರೆ. ಒಳಗಿನ ಗಾಳಿಯನ್ನು ನಾನು ಎಳೆಯುತ್ತೇನೆ. ಆಗ ಮೇಲಿನಿಂದ ರಾಳ ಜೇನಿನ ಹಾಗೆ ಇಳಿಯುತ್ತ, ಎಳೆ ಎಳೆಯನ್ನೂ ತೋಯಿಸುತ್ತ ಬರುತ್ತದೆ. ಗಟ್ಟಿಯಾದರೆ ಅದೇ ಕಾಲು ಕೂರುವ ಬಟ್ಟಲು. ಎಲ್ಲೋ ಒಂದು ಗುಳ್ಳೆ ಉಳಿಯಿತೋ, ಮೈಭಾರ ಬಿದ್ದ ದಿನ ಅಲ್ಲಿಂದಲೇ ಸೀಳು. ರಾಳ ಇಳಿಯುವ ಆ ಹೊತ್ತು ನನಗೆ ನಿದ್ದೆಗೂ ಎಚ್ಚರಕ್ಕೂ ನಡುವಿನದು.

ಒಂದು ವರ್ಷದ ಬಿಸಿಲಿಗೆ ರಾಳ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟತೊಡಗಿತು. ದಾವಲಸಾಬ ಕಿಟಕಿಗೆ ನೀರಿನ ಕೂಲರು ಕೂರಿಸಿದ. ಕೋಣೆ ತಂಪಾಯಿತು, ಎಲ್ಲರೂ ಹೊಗಳಿದರು. ಆಗಲೇ ಬಂದವನು ನೇಕಾರ ಮಲಕಾಜಪ್ಪ. ಲಾರಿಯೊಂದು ಅವನ ಎಡಗಾಲನ್ನು ಮೊಣಕಾಲ ಕೆಳಗೆ ಕಸಿದಿತ್ತು. ಕುಣಿಮಗ್ಗದ ನೇಯ್ಗೆ ಅವನದು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎರಡು ತುಳಿಗೋಲನ್ನು ಎರಡು ಕಾಲಲ್ಲಿ ಮೆಟ್ಟಬೇಕು.

ಅವನ ಮೊದಲ ಬಟ್ಟಲಿನ ತುಂಬ ಸಾಸಿವೆಯಂಥ ಗುಳ್ಳೆ. ಎರಡನೆಯದರಲ್ಲೂ ಅದೇ.

"ಮತ್ತ ಗುಳ್ಳಿ ಬಂದಾವೇನ್ರೀ ಅಕ್ಕಾರ?"

"ಬಂದಾವು ಕಾಕಾ. ಇದನ್ನ ಹಾಕ್ಕೊಂಡ್ರ ತಿಂಗಳದಾಗ ಸೀಳತೈತಿ. ಮುಂದಿನ ವಾರ ಬರ್ರಿ."

"ಮುಂದಿನ ವಾರ ಬಂದು ಏನ್ ಮಾಡ್ಲಿ? ಸೋಮಾರ ನನ್ನ ತಮ್ಮ ಕುಣಿಗೆ ಮಣ್ಣ ಹಾಕಸ್ತಾನು. ಒಂದ ಕಾಲಾಗ ಎಲ್ಲಿ ನೇಯ್ತಿ, ಅಲ್ಲಿ ಪವರ್‌ಲೂಮ್ ಕುಂದ್ರಸ್ತೀನಿ ಅಂತಾನ."

ಮುಸುಕಿಗೆ ಎಲ್ಲಿ ತೂತು ಎಂದು ನೀಲಾಂಬಿಕಾ ಕಿವಿಯಿಟ್ಟು ಹುಡುಕಿದ್ದಳು. ಸುಯ್ಯೆಂಬ ಸದ್ದೇ ಇಲ್ಲ. ಆದರೂ ಎಳೆತ ತೋರಿಸುವ ಮಾಪಕದ ಮುಳ್ಳು ಮೆಲ್ಲಗೆ ಜಾರುತ್ತಿತ್ತು. ತೂತಿಲ್ಲವೆಂದ ಮೇಲೆ ತಪ್ಪು ನನ್ನದೇ ಎಂದಾಯಿತು.

"ಈ ಮುದುಕಗ ಉಬ್ಬಸ ಹತ್ತೈತಿ," ಅಂದ ದಾವಲಸಾಬ ನನಗೊಂದು ತಟ್ಟಿ. "ಗುಜರಿಗೆ ಒಗೀರಿ ಅಂದ್ರ ಕೇಳೂದಿಲ್ಲ ನೀವು."

ನನಗೆ ಬಾಯಿದ್ದರೆ ಹೇಳುತ್ತಿದ್ದೆ. ನಾನು ಎಳೆಯುತ್ತಿದ್ದುದು ಬರೀ ಗಾಳಿಯಲ್ಲ, ಅದರಲ್ಲಿ ಕೆರೆಯ ದಂಡೆಯಂಥ ಏನೋ ಒಂದು ಬರುತ್ತಿತ್ತು. ನಾನು ಉಗುಳುವ ಎಣ್ಣೆ ಹಿಡಿಯಲು ಕಟ್ಟಿದ ಬಾಟಲಿಯಲ್ಲಿ ಆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಅದನ್ನೂ ಅವರು ಮುಪ್ಪು ಅಂದರು.

ಮಲಕಾಜಪ್ಪ ಎದ್ದು ಹೋಗಲಿಲ್ಲ. ಮುಂದೆ ಬಿದ್ದಿದ್ದ ನೂಲಿನ ಚೀಲ ಎತ್ತಿಕೊಂಡ. ನೂಲು ಕಂಡರೆ ಮುಟ್ಟುವ ಕೈ. ಬೆರಳಲ್ಲಿ ನೀವಿ, ಗಲ್ಲಕ್ಕೆ ಒತ್ತಿ, ಕಣ್ಣು ಮುಚ್ಚಿದ.

"ಅಕ್ಕಾರ, ಇದು ಹಸಿ ಐತ್ರೀ."

"ಎಲ್ಲೀ ಹಸಿ? ಈಗ ಕಪಾಟಿನಿಂದ ತಗದೀನಿ."

"ಕೈಗೆ ತಿಳಿಯೂದಿಲ್ರೀ. ಗಲ್ಲಕ್ಕ ಹಚ್ರಿ. ನಾವು ಮಗ್ಗದ ಎಳಿ ಹಿಂಗ ನೋಡೂದು. ನಮಗ ಹಸಿ ಬೇಕು, ಇಲ್ಲಾಂದ್ರ ಎಳಿ ಪಟಪಟ ಹರೀತಾವು. ಅದಕ್ಕ ಕುಣಿಯಾಗ ಕುಂದ್ರತೀವಿ. ನಿಮಗೂ ಹಸೀನ ಬೇಕೇನು?"

ನೀಲಾಂಬಿಕಾ ಗಲ್ಲಕ್ಕೆ ಹಚ್ಚಿದಳು. ದಾವಲಸಾಬ ಹಟಕ್ಕೆ ಬಿದ್ದು ಗಾಜಿನ ಬಟ್ಟೆಯನ್ನೇ ಹಚ್ಚಿಕೊಂಡು, ಮರುದಿನದ ತನಕ ದವಡೆ ಕೆರೆಯುತ್ತ ಓಡಾಡಿದ. ಆದರೆ ಆ ಗಳಿಗೆಯಲ್ಲಿ ಮೂವರೂ ತಿರುಗಿ ನೋಡಿದ್ದು ಕೂಲರನ್ನು. ಅದು ತಣ್ಣಗೆ, ಏನೂ ಅರಿಯದ ಹಾಗೆ, ಬಟ್ಟೆಯ ಕಪಾಟಿಗೇ ಮುಖ ಮಾಡಿ ಊದುತ್ತಿತ್ತು.

"ಅಯ್ಯ, ನೀರs ಅಲ್ಲೇನು!" ಅಂದಳು ನೀಲಾಂಬಿಕಾ. "ಪಂಪು ಎಳದಂಗ ಈ ಹಸಿ ಹಬಿ ಆಗಿ ಏಳತೈತಿ. ರಾಳದಾಗ ಸಿಕ್ಕೊಂಡು ಗುಳ್ಳಿ ಆಗತೈತಿ."

ಕೂಲರು ನಿಂತಿತು. ಚೀಲ, ಬಟ್ಟೆ, ಪ್ಲಾಸ್ಟರಿನ ಅಚ್ಚು ಎಲ್ಲ ಎರಡು ದಿನ ಸೂರಿನ ತಗಡಿನ ಮೇಲೆ ಕಾದವು. ಭಾನುವಾರ ಹೊತ್ತು ಮೂಡುವಾಗ, ಬಿಸಿಲೇರುವ ಮುಂಚೆ, ಅವಳು ರಾಳವನ್ನು ನೊರೆಯೇಳದಂತೆ ಮೆಲ್ಲಗೆ ತಿರುವಿದಳು. ಬೆರಕೆಯಲ್ಲಿ ಸಿಕ್ಕ ಗಾಳಿ ತಾನಾಗಿ ಮೇಲೆ ಬಂದು ಒಡೆಯುವ ತನಕ ಕಾದಳು. ನಾನು ಎಳೆದೆ. ಬಂದ ಗಾಳಿ ಹುರಿದ ಕಡಲೆಯಷ್ಟು ಒಣಗಿತ್ತು. ಎಳೆತ ನಿಲ್ಲುತ್ತದೋ ನೋಡಲು ಕೊಳವೆಯ ತಿರುಪು ಮುಚ್ಚಿ ನನ್ನನ್ನು ನಿಲ್ಲಿಸಿದರು, ಮುಳ್ಳು ಅಲುಗಲಿಲ್ಲ. ಮತ್ತೆ ಶುರು ಮಾಡಿದಾಗ ರಾಳ ಇಳಿಯಿತು, ಒಂದು ಹೊಗೆಬಣ್ಣದ ಕನಸು ನಿದ್ದೆಯೊಳಗೆ ಇಳಿಯುವ ಹಾಗೆ. ಒಂದೇ ಒಂದು ಗುಳ್ಳೆ ಇಲ್ಲ.

ಸೋಮವಾರ ಮಲಕಾಜಪ್ಪ ಹೊಸ ಕಾಲು ತೊಟ್ಟು ಗೋಡೆ ಹಿಡಿದು ಎದ್ದ, ಗೋಡೆ ಬಿಟ್ಟ. ಕೋಣೆಯ ಆ ತುದಿಗೆ ನಡೆದ. ಅಲ್ಲಿಂದಲೇ ಬಾಗಿಲ ಹೊರಗೆ ಹೋದ. ಹೋಗಿ ಬರುತ್ತೇನೆಂದು ಹೇಳುವುದನ್ನೂ ಮರೆತು.

ಈಗ ನಾನು ನಿಜವಾಗಿಯೂ ಮುದುಕ. ಸದ್ದಿಲ್ಲದ ಹೊಸ ಪಂಪು ಬಂದಿದೆ. ನನ್ನನ್ನು ಕಿಟಕಿಯ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದಾರೆ. ಮೊನ್ನೆ ಮಲಕಾಜಪ್ಪ ಬಂದಿದ್ದ.

"ಬಟ್ಟಲ ಒಡೀತೇನೋ?" ಎಂದು ದಾವಲಸಾಬ ಕೇಳಿದ.

"ಅದಕ್ಕೇನಾಗೈತಿ, ಕಲ್ಲಿನಂಗ ಐತಿ. ನನ್ನ ಕಾಲs ಸೊರಗೈತಿ. ಹೊಸಾದು ಅಳತಿ ತಗೋರಿ. ಕುಣಿಯಾಗ ಇಳದ್ರ ನನ್ನ ತಮ್ಮ ಹೊರಗ ಕುಂತು ಸಪ್ಪಳ ಕೇಳತಾನ. ಯಾವ ಕಾಲು ನಿಂದು, ಯಾವುದು ನೀಲಕ್ಕಂದು ಅಂತ ತಿಳಿವಲ್ಲದು ಅಂತಾನ."

ಹಳೆಯ ಬಟ್ಟಲನ್ನು ನನ್ನ ಪಕ್ಕದಲ್ಲೇ ಇಟ್ಟು ಹೋದರು. ಹಳದಿಗೆ ತಿರುಗಿದೆ. ಅದರ ತಿರುಪಿನ ಸಂದಿಯಲ್ಲಿ ಕೆಂಪು ರೇಷ್ಮೆಯ ಒಂದೆಳೆ ಸಿಕ್ಕಿಕೊಂಡಿದೆ. ನಾನು ಕುಣಿಮಗ್ಗವನ್ನು ಕಂಡವನಲ್ಲ. ಆದರೆ ಮಧ್ಯಾಹ್ನದ ಬಿಸಿಲು ಬಟ್ಟಲಿನೊಳಗೆ ತುಂಬಿ, ಎಲ್ಲೂ ತಡೆಯದೆ ನನ್ನ ಕರಿ ಚಿಪ್ಪಿನ ಮೇಲೆ ಬೀಳುವಾಗ ಕಣ್ಣು ಎಳೆಯುತ್ತದೆ. ತಂಪಾದ ಒಂದು ಕುಣಿಗೆ ಇಳಿಯುತ್ತೇನೆ. ಒಂದು ಕಾಲು, ಇನ್ನೊಂದು ಕಾಲು. ಸೀರೆ ಬೆಳೆಯುತ್ತಿರುತ್ತದೆ.