ಅಂಗೈಯಲ್ಲಿದ್ದ ಟಿಕೆಟ್ಟು

ತೊಂಬತ್ತೊಂಬತ್ತರಲ್ಲಿ ಪಾಂಡವಪುರದ ಹಾಲಿನ ಸೊಸೈಟಿಯವರು ಹಸು ಸಾಕಣೆ ನೋಡಿ ಬಾ ಎಂದು ಮರಿಸ್ವಾಮಿಯನ್ನು ಯುರೋಪಿಗೆ ಕಳಿಸಿದರು. ಅಲ್ಲಿನ ಒಂದು ರೈಲಿಗೆ ಕಾಗದದ ಟಿಕೆಟ್ಟಿಲ್ಲ, ದುಡ್ಡು ಕಟ್ಟಿದಾಗ ಕೊಡುವ ನಂಬರು ಹೇಳಿದರೆ ಸಾಕು. ಮರೆತುಹೋದೀತೆಂದು ಅದನ್ನು ಕೌಂಟರಿನ ಹೆಂಗಸಿನಿಂದ ಅಂಗೈಗೆ ಬರೆಸಿಕೊಂಡ. ಎಡಗೈ ಚಾಚುವುದು ಮರ್ಯಾದೆಯಲ್ಲವೆಂದು ಬಲಗೈಯನ್ನೇ ಚಾಚಿದ್ದ.

ರೈಲಿನಲ್ಲಿ ಹಸಿವಾಯಿತು. ಹೆಂಡತಿ ಬೆಟ್ಟಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಗೊಜ್ಜನ್ನು ಹೋಟೆಲಿನಿಂದ ತಂದಿದ್ದ ಅನ್ನಕ್ಕೆ ಕಲಸಿ ಉಂಡು, ಅಂಗೈಯನ್ನೂ ನೆಕ್ಕಿದ. ಟಿಕೆಟ್ಟು ನೋಡುವವನು ಬಂದಾಗ ಠೀವಿಯಿಂದ ಕೈ ಚಾಚಿದರೆ, ಅಲ್ಲಿ ಬರೀ ಎಣ್ಣೆ.

"ನಮ್ ಎಮ್ಮೆಗಾದ್ರೂ ಬುದ್ಧಿ ಅದೆ. ಉಲ್ಲು ತಿಂತದೆ, ಅಗ್ಗ ತಿನ್ನಕಿಲ್ಲ" ಎಂದು ತನ್ನನ್ನೇ ಬೈದುಕೊಂಡು ದಂಡ ತೆತ್ತ.

ಊರಿಗೆ ಮರಳಿದ ಮೇಲೆ, ನಾಗಮಂಗಲದ ಬಸ್ಸಿನಲ್ಲಿ ಕಂಡಕ್ಟರು ಹರಿದುಕೊಟ್ಟ ಟಿಕೆಟ್ಟನ್ನು ಬೆಟ್ಟಮ್ಮನ ಕೈಗೆ ದಾಟಿಸಿದ.

"ನೀನೇ ಇಟ್ಕೊ ಕಣಮ್ಮಿ. ನನ್ ಕೈಲಿದ್ರೆ ತಿಂದ್ಬುಡ್ತೀನಿ."