ಆಗುತ್ತೆ, ಆಗಬಹುದು, ಆಗಬೇಕು

ತೇಜಸ್ ಪೆನ್‌ಡ್ರೈವ್ ಹಿಡಿದು ಮೇಜಿನ ಕೆಳಗೆ ಬಗ್ಗಿದರೂ ಹೇಮಶ್ರೀ ಕುರ್ಚಿಯಿಂದ ಏಳಲಿಲ್ಲ. ಸಿಪಿಯು ಇದ್ದದ್ದು ಅವಳ ಕಾಲಿನ ಪಕ್ಕದಲ್ಲೇ. ಅವಳು ಕಾಲು ಸರಿಸಿದರಷ್ಟೇ ಅವನ ಕೈ ಅಲ್ಲಿಗೆ ಎಟುಕುವಂತಿತ್ತು. ಅವನು ಬಗ್ಗಿಕೊಂಡೇ ಸ್ವಲ್ಪ ಹೊತ್ತು ಕಾದ.

“ಮೇಡಂ, ಸ್ವಲ್ಪ ಜಾಗ,” ಅಂದ.

“ಒಂದು ಮಾತು ಕೇಳ್ಬೇಕಿತ್ತು. ಹೊಸ ಓಎಸ್ ಹಾಕಿದ್ಮೇಲೆ ನಮ್ಮ ಸೌಂಡ್ ಕಾರ್ಡು ಕೆಲಸ ಮಾಡುತ್ತಾ?”

“ಆಗಬಹುದು ಮೇಡಂ.”

“ಆಗಬಹುದು ಅಂತೀರೋ, ಆಗುತ್ತೆ ಅಂತೀರೋ?”

ತೇಜಸ್ ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಂಡ. ಬಾಗಿಲ ಬಳಿ ನಿಂತಿದ್ದ ಅವಳ ಅಣ್ಣ ಶಶಿಕುಮಾರನ ಮುಖವನ್ನೊಮ್ಮೆ, ಇವಳ ಮುಖವನ್ನೊಮ್ಮೆ ನೋಡಿ, “ಆಗಬೇಕು,” ಅಂದ.

ಹೇಮಶ್ರೀ ಆ ಮೂರನೆಯ ಮಾತನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಆಗುತ್ತೆ ಅನ್ನುವವನು ಅದನ್ನು ಎಲ್ಲೋ ಕಣ್ಣಾರೆ ನೋಡಿರುತ್ತಾನೆ. ಆಗಬಹುದು ಅನ್ನುವವನಿಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಇದೆ. ಆಗಬೇಕು ಎನ್ನುವುದು ದೇವರಿಗೆ ಹೇಳುವ ಮಾತು.

ಸ್ಟುಡಿಯೋ ಇದ್ದದ್ದು ಹುಣಸೂರಿನಲ್ಲಿ, ಸೇತುವೆಗೆ ಹೋಗುವ ದಾರಿಯ ಗೊಬ್ಬರದ ಅಂಗಡಿಯ ಮೇಲೆ. ಹಳೆಯ ಹಾಸಿಗೆಗಳಿಗೆ ಬಟ್ಟೆ ಹೊದಿಸಿ ಗೋಡೆಗೆ ಬಡಿದ ಒಂದೇ ಕೋಣೆ. ಹಾಡುವವರೂ ಅಲ್ಲೇ, ರೆಕಾರ್ಡ್ ಮಾಡುವವಳೂ ಅಲ್ಲೇ. ಅಣ್ಣ ಶಶಿಕುಮಾರ್ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತ, ಊರೂರು ಸುತ್ತಿ ಕೆಲಸ ಹಿಡಿದು ತರುತ್ತಿದ್ದ. ಆಟೋಗಳಲ್ಲಿ ಕೂಗಿಸುವ ಪ್ರಚಾರ, ಶಾಲೆಯ ಮಕ್ಕಳ ಡ್ಯಾನ್ಸಿನ ಹಾಡು, ಅಯ್ಯಪ್ಪನ ಭಜನೆ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಹಾಡು. ಕಂಪ್ಯೂಟರಿನ ಮುಂದೆ ಕೂರುವವಳು ಮಾತ್ರ ಹೇಮಶ್ರೀ. ಪ್ರತಿ ಸಾಲು ಮುಗಿದ ಕೂಡಲೇ ಸೇವ್ ಮಾಡುತ್ತಿದ್ದಳು. ಗುಡುಗಿನ ಸದ್ದು ಎಲ್ಲೋ ಪಿರಿಯಾಪಟ್ಟಣದ ಕಡೆ ಕೇಳಿದರೂ ಪ್ಲಗ್ಗು ಕೀಳುತ್ತಿದ್ದಳು. ಅವಳು ಪುಕ್ಕಲಿ ಎಂಬುದು ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು. ಅವಳೂ ಅದನ್ನು ಅಲ್ಲಗಳೆದವಳಲ್ಲ.

ಈ ಸಲ ಶಶಿಕುಮಾರ್ ತಂದದ್ದು ದೊಡ್ಡ ಕೆಲಸ. ಮೈಸೂರಿನ ಒಂದು ಕಂಪನಿ ವರ್ಷಪೂರ್ತಿ ಭಕ್ತಿಗೀತೆ ಮಾಡಿಸುವುದಿತ್ತು, ಅದರಲ್ಲಿ ಅವನ ದನಿಗೂ ಪಾಲಿತ್ತು. ಅವರು ಕೇಳಿದ್ದು ಒಂದೇ. ದನಿಯ ಏರುಪೇರು ತಿದ್ದುವ ಅವರ ಹೊಸ ಸಾಫ್ಟ್‌ವೇರ್ ಇಲ್ಲೂ ಇರಬೇಕು. ಅದು ನಡೆಯಬೇಕಾದರೆ ಕಂಪ್ಯೂಟರನ್ನೇ ನಡೆಸುವ ಮೂಲ ಸಾಫ್ಟ್‌ವೇರ್, ಓಎಸ್, ಹೊಸದಾಗಬೇಕು. ಇವತ್ತು ಸಂಜೆಯೊಳಗೆ ಒಂದು ಸ್ಯಾಂಪಲ್ ಕಳಿಸಬೇಕು, ಇಲ್ಲದಿದ್ದರೆ ಕೆ.ಆರ್. ನಗರದ ಇನ್ನೊಂದು ಸ್ಟುಡಿಯೋ ಕಾದು ನಿಂತಿತ್ತು. ಹಾಕಿಕೊಡಲು ತೇಜಸ್‌ನನ್ನು ಮೈಸೂರಿನಿಂದ ಕರೆಸಿದ್ದ. ಮಧ್ಯಾಹ್ನದ ಮೇಲೆ ಅವನಿಗೆ ಸರಗೂರಿನಲ್ಲಿ ಬೇರೆ ಕೆಲಸವಿತ್ತು.

ಆದರೆ ಇವತ್ತೇ ಹನಗೋಡಿನಿಂದ, ಮದುವೆ ಮನೆಗಳಲ್ಲಿ ಪದ ಹೇಳುವ ಅಜ್ಜಿ ಪುಟ್ಟತಾಯಮ್ಮ ಬಂದಿದ್ದರು.

ಕಳೆದ ಮಾಘದಲ್ಲಿ ಹನಗೋಡಿನ ಒಂದು ಮದುವೆಯಲ್ಲಿ ಅವರ ಸೋಬಾನೆ ಕೇಳಿ, ಇದನ್ನು ಉಳಿಸಬೇಕು ಎಂದು ಹೊರಟವಳು ಹೇಮಶ್ರೀಯೇ. ಯಾರೂ ಮಾಡು ಎಂದಿರಲಿಲ್ಲ. ಅರ್ಧದಷ್ಟು ಪದ ಈಗಾಗಲೇ ಕಂಪ್ಯೂಟರಿನಲ್ಲಿದ್ದವು, ಉಳಿದದ್ದು ಹೆಣ್ಣೊಪ್ಪಿಸುವ ಪದಗಳು. ಅಜ್ಜಿಗೆ ನಾಳಿದ್ದು ಕ್ಯಾಂಪಿನಲ್ಲಿ ಇದ್ದಬದ್ದ ಹಲ್ಲನ್ನೆಲ್ಲ ಕಿತ್ತು ಸೆಟ್ಟು ಕಟ್ಟಿಸುವುದೆಂದು ಮಗ ಗೊತ್ತು ಮಾಡಿದ್ದ. ಮುಂದಿನ ಎರಡು ಹಲ್ಲಿನ ಸಂದಿಯಿಂದ ಹೊರಡುವ ಆ ಸೀಟಿಯಂಥ ಎಳೆ, ಸೊಲ್ಲಿನ ಕೊನೆಗೆ ಬರುವ ಆ ತಿರುವು, ಇನ್ನೆರಡು ದಿನಕ್ಕೆ ಇರುವುದಿಲ್ಲ.

“ರೆಕಾರ್ಡಿಂಗ್ ಎಲ್ಲ ಸೇಫ್ ಆಗಿರುತ್ತೆ ಕಣೆ, ತೇಜಸ್ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ದಾನೆ,” ಎಂದ ಶಶಿಕುಮಾರ್.

ಕಾಪಿ ಇದೆ, ತೆರೆಯುವುದಕ್ಕೆ ಹಳೆಯ ಸಾಫ್ಟ್‌ವೇರೇ ಬೇಕಲ್ಲ ಎಂದಳು ಅವಳು. ತೇಜಸ್ ತಲೆ ಕೆರೆದುಕೊಂಡ. ಮೈಕುಗಳನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ, ಇಲ್ಲಿಯವರು ಸೌಂಡ್ ಕಾರ್ಡ್ ಅನ್ನುವುದು, ಹಳೆಯದಾಯಿತು. ಹೊಸ ಓಎಸ್‌ಗೆ ಅದನ್ನು ಹೊಂದಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಡಬ್ಬಿ ಮಾಡಿದವರು ಕೊಟ್ಟಿಲ್ಲ. ಆದರೂ ಹಳೆ ಡ್ರೈವರನ್ನೇ ಹಾಕಿ ಒಂದು ಕೈ ನೋಡಬಹುದು ಎಂದು ವಿವರಿಸಿದ.

ಗೋಡೆಗೊರಗಿ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, “ಡ್ರೈವರ್ ಇಲ್ದೆ ಗಾಡಿ ಎಂಗವ್ವ ಓಯ್ತದೆ?” ಎಂದದ್ದು ಎಲ್ಲರಿಗೂ ಕೇಳಿಸಿತು. ಪುಟ್ಟತಾಯಮ್ಮನ ಸೊಲ್ಲು ಎತ್ತಿಕೊಂಡು ಹಾಡಲು ಬಂದವರು ಅವರಿಬ್ಬರು. ತೇಜಸ್ ಕೂಡ ನಕ್ಕ. ಶಶಿಕುಮಾರ್ ನಗಲಿಲ್ಲ.

“ನೀನು ಎಲ್ಲಕ್ಕೂ ಹಿಂಗೇ ಹೇಮಿ. ಗ್ಯಾಸ್ ಆಫ್ ಮಾಡಿದ್ನಾ ಅಂತ ಬಸ್ ಸ್ಟ್ಯಾಂಡಿಂದ ವಾಪಸ್ ಬರೋಳು ನೀನು. ಹೆದರಿಕೊಂಡು ಕೂತ್ರೆ ಈ ಹಾಸಿಗೆ ಗೋಡೆ ಮಧ್ಯಾನೇ ಕೂತಿರ್ತೀವಿ. ನಂಗೂ ವಯಸ್ಸಾಗ್ತಿದೆ. ಇನ್ನೆಷ್ಟು ವರ್ಷ ಗಂಟಲು ಇರುತ್ತೆ?”

ಅದು ಸುಳ್ಳಲ್ಲ. ಅದು ಸುಳ್ಳಲ್ಲ ಎಂಬುದೇ ಅವಳನ್ನು ಬೆಳಗಿನಿಂದ ಸುಡುತ್ತಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ಅಣ್ಣ ಈಗೀಗ ಕಣ್ಣು ಮುಚ್ಚುತ್ತಿದ್ದುದನ್ನು ಅವಳಷ್ಟು ಹತ್ತಿರದಿಂದ ಕಂಡವರು ಇನ್ನಾರೂ ಇಲ್ಲ. ಅವಳು ಮೌಸಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಳು. ತೇಜಸ್ ಇದನ್ನೇ ಒಪ್ಪಿಗೆ ಎಂದುಕೊಂಡು ಮತ್ತೆ ಬಗ್ಗಿದ.

“ಏಯ್, ಯಾರಪ್ಪ ನೀನು,” ಎಂದರು ಪುಟ್ಟತಾಯಮ್ಮ.

ಮೊದಲ ದಿನ ಅಜ್ಜಿ ಹಾಡಲು ಒಪ್ಪಿರಲಿಲ್ಲ. ಹೆಣ್ಣಿಲ್ಲದ ಮನೆಯಲ್ಲಿ ಮದುವೆಯ ಪದ ಹೇಳಬಾರದು, ಕೇಳಿದವರಿಗೂ ಹೇಳಿದವರಿಗೂ ಒಳ್ಳೆಯದಲ್ಲ ಎಂದು ಎಲೆಯಡಿಕೆ ಜಗಿಯುತ್ತ ಕೂತುಬಿಟ್ಟಿದ್ದರು. ಕೊನೆಗೆ ತಾವೇ ಒಂದು ದಾರಿ ಕಂಡುಕೊಂಡು, ಚೀಲದಿಂದ ಅರಿಶಿನದ ಕೊಂಬು ತೆಗೆದು ತೇಯ್ದು, ಮಾನಿಟರಿನ ಎರಡು ಕೆನ್ನೆಗೂ ಹಚ್ಚಿ, ನೆತ್ತಿಗೆ ಕುಂಕುಮವಿಟ್ಟು, ಇದೇ ಹೆಣ್ಣು ಎಂದಿದ್ದರು. ಆ ಹಳದಿ ಇನ್ನೂ ಅಲ್ಲೇ ಇತ್ತು. ಒರೆಸಲು ಹೇಮಶ್ರೀಗೆ ಮನಸ್ಸಾಗಿರಲಿಲ್ಲ.

“ಅರಿಸ್ಣ ಮುಟ್ಸಿದ್ ಎಣ್ಣ ಧಾರೆ ಮುಗಿಯೋಗಂಟ ಒಸ್ಲು ದಾಟ್ಸಲ್ಲ ಕಣಪ್ಪ. ನೀನ್ಯಾವೂರೋನು, ಅದ್ರ ಸೀರೆ ಬುಚ್ಚಕೆ ಬಂದೋನು?”

ಹೆಂಗಸರಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತೇಜಸ್‌ನ ಕಿವಿ ಕೆಂಪಾಯಿತು. ಅವನು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು, ಅಜ್ಜಿ ಬೇಡ ಎಂದರೆ ತನ್ನದೇನೂ ಇಲ್ಲ ಎಂದ. ವಿಚಿತ್ರವೆಂದರೆ ಶಶಿಕುಮಾರನ ಮುಖವೂ ಸಡಿಲವಾಯಿತು. ಅಜ್ಜಿಯೊಂದಿಗೆ ವಾದ ಮಾಡುವಂಥವನಲ್ಲ ಅವನು.

“ಆಯ್ತು ಬಿಡಿ. ಕಂಪನಿಯೋರಿಗೆ ಇದನ್ನೇ ಹೇಳ್ತೀನಿ. ಹಳ್ಳಿ ಅಜ್ಜಿ, ಶಾಸ್ತ್ರ, ಅರಿಶಿನ ಅಂತ. ಅವರೂ ನಕ್ಕು ಎರಡು ದಿನ ಟೈಮ್ ಕೊಡಬಹುದು. ನಾಳಿದ್ದು ಹಾಕ್ಸಿದ್ರಾಯ್ತು.”

ಹೇಮಶ್ರೀ ಅಲ್ಲಿಗೆ ಬಿಡಬಹುದಿತ್ತು. ಸುಲಭದ ದಾರಿ ತಾನಾಗಿ ತೆರೆದಿತ್ತು, ಯಾರಿಗೂ ನೋವಿಲ್ಲ. ಆದರೆ ಎರಡು ದಿನದಲ್ಲಿ ಪದಗಳ ಮಿಕ್ಸಿಂಗ್ ಮುಗಿಯುವುದಿಲ್ಲ. ನಾಳಿದ್ದು ಇದೇ ತೇಜಸ್, ಇದೇ ಪೆನ್‌ಡ್ರೈವ್, ಇದೇ ಆಗಬೇಕು. ಅದಕ್ಕಿಂತ ಹೆಚ್ಚಾಗಿ, ಮೈಸೂರಿನ ಯಾವುದೋ ಎ.ಸಿ. ಕೋಣೆಯಲ್ಲಿ ನಾಲ್ಕು ಜನ ಈ ಅರಿಶಿನದ ಕಥೆ ಹೇಳಿಕೊಂಡು ನಗುವುದು ಅವಳ ಕಿವಿಗೆ ಈಗಲೇ ಕೇಳಿಸಿತು.

“ಅಜ್ಜಿ ಹೆಸರು ಹೇಳ್ಬೇಡ ಅಣ್ಣ.”

“ಮತ್ತೆ?”

“ನಾನು ಬೇಡ ಅಂದೆ ಅಂತ ಹೇಳು. ಎರಡು ದಿನ ಅಲ್ಲ. ಈ ಪದಗಳೆಲ್ಲ ಮುಗಿದು, ಮಿಕ್ಸ್ ಆಗಿ, ಕೇಳೋ ಹಂಗೆ ಆಚೆ ಬರೋವರೆಗೂ ಇದನ್ನ ಯಾರೂ ಮುಟ್ಟಂಗಿಲ್ಲ.”

“ಹೆದರಿಕೆ ನಿಂಗೆ.”

“ಹೂಂ, ಹೆದರಿಕೆನೇ. ಪ್ಲಗ್ಗು ಕಿತ್ತಾಗ್ಲೂ ಹೆದರಿಕೆನೇ, ಗ್ಯಾಸ್ ನೋಡಾಕೆ ವಾಪಸ್ ಬಂದಾಗ್ಲೂ ಹೆದರಿಕೆನೇ. ಅದರಿಂದ ಇಷ್ಟು ವರ್ಷ ಇಲ್ಲಿ ಒಂದು ಹಾಡೂ ಹಾಳಾಗಿಲ್ಲ. ನಂಗೆ ಹೆದರಿಕೆ ಆಗ್ತಿದೆ, ಅದಕ್ಕೇ ಬೇಡ ಅಂತಿದೀನಿ. ನಾನು ಕುರ್ಚಿ ಬಿಟ್ಟು ಏಳಲ್ಲ.”

ಅವಳ ದನಿ ಏರಿರಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡಳು. ಶಶಿಕುಮಾರ್ ಫೋನಿನಲ್ಲಿ ಕಂಪನಿಯ ನಂಬರು ಒತ್ತಿ, ಅವಳ ಮುಂದೆ ಮೇಜಿನ ಮೇಲಿಟ್ಟ.

“ಹಂಗಾದ್ರೆ ನೀನೇ ಹೇಳು. ನಾನು ಹೇಳಲ್ಲ.”

ಆ ಕಡೆಯವರು ಹಲೋ ಎಂದರು. ಹೇಮಶ್ರೀ ತನ್ನ ಹೆಸರು ಹೇಳಿ, ಹೊಸದನ್ನು ಸದ್ಯಕ್ಕೆ ಹಾಕಿಸುವುದಿಲ್ಲ, ಸ್ಯಾಂಪಲ್ ಇವತ್ತು ಕಳಿಸಲಾಗುವುದಿಲ್ಲ ಎಂದಳು. ಟೆಕ್ನಿಕಲ್ ತೊಂದರೆಯೇ ಎಂದು ಅವರು ಕೇಳಿದರು. ಅಲ್ಲ, ನನ್ನ ತೀರ್ಮಾನ ಎಂದಳು. ಹಾಗಾದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಅವರು ಮೆತ್ತಗೆ ಹೇಳಿದರು.

“ಕೊಡಿ,” ಎಂದಳು. ತುಸು ತಡೆದು, “ನಮ್ಮ ಅಣ್ಣ ಅಲ್ಲಿಗೇ ಬಂದು ಹಾಡ್ತಾರೆ. ಅವರ ದನಿಗೂ ಈ ಕಂಪ್ಯೂಟರ್‌ಗೂ ಸಂಬಂಧ ಇಲ್ಲ,” ಎಂದಳು.

ನೋಡೋಣ ಎಂದು ಅವರು ಫೋನಿಟ್ಟರು. ಶಶಿಕುಮಾರ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ತೇಜಸ್ ಚೀಲ ಹೆಗಲಿಗೇರಿಸಿಕೊಂಡವನು ಬಾಗಿಲಲ್ಲಿ ನಿಂತು, “ನೆಟ್ ವೈರು ಕಿತ್ತಿಡಿ ಮೇಡಂ. ಇಲ್ದಿದ್ರೆ ನೀವು ಮಲಗಿದ್ದಾಗ ಕಂಪ್ಯೂಟರ್ ತಾನೇ ಹೊಸ ಓಎಸ್ ಹಾಕ್ಕೊಂಡುಬಿಡುತ್ತೆ,” ಎಂದು ಇಳಿದು ಹೋದ. ಅವಳು ಕೂಡಲೇ ಬಗ್ಗಿ ಅದನ್ನು ಕಿತ್ತಳು.

ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿದ ಮೇಲೆ ಕೋಣೆ ಒಲೆಯಂತಾಯಿತು. ಮೊದಲ ಪದ ಚೆನ್ನಾಗಿ ಬಂತು. ನಡುವೆ ಸೇವ್ ಮಾಡಲು ಬಿಡುವೇ ಇಲ್ಲದೆ ಸಾಗಿದ ಎರಡನೆಯದು ಅರ್ಧ ದಾಟಿದ್ದಾಗ ಪರದೆಯ ಮೇಲೆ ಓಡುತ್ತಿದ್ದ ದನಿಯ ಗೆರೆ ಅಲ್ಲಾಡದೆ ನಿಂತಿತು. ಮೌಸು ಆಡಲಿಲ್ಲ. ಪುಟ್ಟತಾಯಮ್ಮ ಇನ್ನೂ ಹಾಡುತ್ತಿದ್ದರು. ಹೇಮಶ್ರೀ ಕೈಯೆತ್ತಿ ನಿಲ್ಲಿಸಿದಳು. ಸದ್ದು ನಿಂತದ್ದು ಕೇಳಿ ಶಶಿಕುಮಾರ್ ಬಾಗಿಲು ತೆರೆದು ಪರದೆ ನೋಡಿದ.

“ಹೋಯ್ತು ಅಜ್ಜಿ. ಈ ಪದ ಹೋಯ್ತು. ಇನ್ನೊಂದ್ ಸಲ ಹೇಳ್ಬೇಕಾಗುತ್ತೆ.”

“ಓದ್ರೆ ಓಯ್ತು ಬುಡು ಮಗ. ಮದ್ವೆ ಮನೇಲಿ ಕರೆಂಟ್ ಓಯ್ತು ಅಂತ ಎಣ್ಣ ಒಪ್ಸದೆ ಬುಟ್ಟಾರಾ?” ಎಂದು ಅಜ್ಜಿ ಚೊಂಬೆತ್ತಿ ನೀರು ಕುಡಿದರು.

ಹೇಮಶ್ರೀ ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಅದು ಏಳುವವರೆಗೆ ಕಾದಳು. ಶಶಿಕುಮಾರ್ ಹೋಗಲಿಲ್ಲ. ಬಾಗಿಲು ಮುಚ್ಚಿ ಒಳಗೇ ನಿಂತ. ಪದ ಮತ್ತೆ ಮೊದಲಿನಿಂದ ಶುರುವಾಯಿತು.

ಹೊಸಿಲ ದಾಟುವ ಕೂಸೆ ಹಿಂದಕ್ಕೆ ತಿರುಗವ್ವ
ಹೆಸರಿಟ್ಟು ಕರೆದೋರ ನೋಡವ್ವ

ಈ ಸಲ ಸೊಲ್ಲು ಎತ್ತಿಕೊಳ್ಳುವ ಹೆಂಗಸರಲ್ಲಿ ಕಿರಿಯವಳು ನಡುವೆಯೇ ಹಾಡು ನಿಲ್ಲಿಸಿದಳು. ಅವಳು ಈ ವರ್ಷ ಮಗಳನ್ನು ಕೊಟ್ಟವಳು. ಸೆರಗಿಗೆ ಮುಖ ಒತ್ತಿಕೊಂಡಳು, ಪಕ್ಕದವಳು ಹಾಡು ಬಿಟ್ಟು ಅವಳ ಬೆನ್ನಿಗೆ ಕೈಯಿಟ್ಟಳು. ಪುಟ್ಟತಾಯಮ್ಮನ ಸೊಲ್ಲು ಎತ್ತಿಕೊಳ್ಳುವವರಿಲ್ಲದೆ ಉಳಿಯಿತು. ಅಜ್ಜಿ ಅದನ್ನು ಕೈಬಿಡಲಿಲ್ಲ. ಕೊನೆಯ ಅಕ್ಷರವನ್ನು ಹಲ್ಲಿನ ಸಂದಿಯಿಂದ ತೆಳ್ಳಗೆ ಎಳೆಯುತ್ತ, ಉಸಿರು ಇರುವಷ್ಟೂ ಎಳೆಯುತ್ತ, ಕಣ್ಣಲ್ಲೇ ಕೋಣೆಯನ್ನೆಲ್ಲ ಹುಡುಕಿದರು.

ಹೇಮಶ್ರೀ ಆ ಕುರ್ಚಿಯಲ್ಲಿ ಕೂತು ಒಂದು ದಿನವೂ ಹಾಡಿದವಳಲ್ಲ. ಈಗ ಮೌಸಿನಿಂದ ಕೈ ತೆಗೆದು, ಅಜ್ಜಿಯ ಉಸಿರು ಮುಗಿಯುವ ಮೊದಲೇ ಸೊಲ್ಲು ಎತ್ತಿಕೊಂಡಳು. ದನಿ ಒಡೆದಿತ್ತು, ತಳದಲ್ಲಿ ನಡುಕವಿತ್ತು, ಆದರೂ ನಿಲ್ಲಲಿಲ್ಲ. ಪರದೆಯ ಮೇಲೆ ಎಳೆಯಾಗಿದ್ದ ಗೆರೆ ಅಲ್ಲಿಂದ ಮುಂದಕ್ಕೆ ದಪ್ಪವಾಗುತ್ತ ಹೋಯಿತು.