ಬಿಡ್ಲಾ?

ದೀಪ ಇನ್ನೂ ಸ್ವಲ್ಪ ಕೆಳಗೆ, ಹಾಂ, ಈಗ ಕಾಣುತ್ತಿದೆ, ಮೇಲಿನ ಸಾಲು ಪೂರ್ತಿ ಮುಂದಕ್ಕೆ ಬಂದುಬಿಟ್ಟಿದೆ, ನನ್ನದೇ ಹಳೆಯ ಹಲ್ಲುಗಳು, ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿರುವ ಅಕ್ಕನ ಮಗಳ ಬಾಯಲ್ಲಿ — ಅಕ್ಕನಿಗೆ ಎಂಥ ಉಡುಗೊರೆ — ಅವಳೋ ಕೈಚೀಲ ಎದೆಗವಚಿಕೊಂಡು ನಿಂತಿದ್ದಾಳೆ, ಬೇರೆ ಏನೂ ಇಲ್ವೇನೇ, ಕತ್ತಿಗೆ ಕಟ್ಟೋದು ಬೇಡ ಕಣೇ, ಮಕ್ಕಳು ಆಡ್ಕೊಂಡು ನಗ್ತಾರೆ. ನಗುತ್ತಾರಂತೆ. ಯಾವ ಮಕ್ಕಳು ಅಕ್ಕ, ಹೆಸರು ಹೇಳಲೇ? ಈ ಹುಡುಗಿಗೆ ಇದೇ ಸರಿ, ಇನ್ನೂ ಬೆಳೆಯುವ ವಯಸ್ಸು, ದವಡೆಯನ್ನು ಈಗಲೇ ತಡೆಯಬೇಕು, ಕತ್ತಿನ ಹಿಂದೆ ಪಟ್ಟಿ, ಪಟ್ಟಿಯಿಂದ ಕೆನ್ನೆ ಬಳಸಿ ಬಾಯೊಳಗೆ ಹೋಗುವ ಕಂಬಿ, ಸಂಜೆ ಹಾಕಿಕೊಂಡರೆ ಬೆಳಗಿನವರೆಗೆ, ನಾನೂ ಹಾಕಿಕೊಂಡಿದ್ದೆ, ಲಗಾಮು ಬಂದ್ಲು ದಾರಿ ಬಿಡ್ರೇ, ಮೆಟ್ಟಿಲ ಮೇಲೆ ಅಕ್ಕ, ಅಕ್ಕನ ಗೆಳತಿಯರು, ಮುಂದಿನ ಕಂಬಿಯನ್ನು ಎರಡೇ ಬೆರಳಲ್ಲಿ ಹಿಡಿದು ಎಳೆಯುತ್ತಾಳೆ, ಕತ್ತಿನ ಪಟ್ಟಿ ಬಿಲ್ಲಿನ ಹಾಗೆ ಬಿಗಿಯುತ್ತದೆ, ಬಿಡ್ಲಾ? ಬಿಡ್ಲಾ? ಬೇಡ ಎನ್ನಲು ಹೋದರೆ ಬಾಯಿಂದ ಬರೀ ಜೊಲ್ಲು, ಇನ್ನಷ್ಟು ನಗು, ಬಿಡ್ಲಾ — ಬಿಟ್ಟಳು.

ಕಂಬಿ ವಾಪಸ್ ಹೊಡೆದು ಸೀಳಿದ ತುಟಿಯಲ್ಲಿ ಇನ್ನೂ ಆ ಗಂಟಿದೆ, ಯೋಚನೆ ಬಂದಾಗಲೆಲ್ಲ ನಾಲಿಗೆ ಅಲ್ಲಿಗೇ ಹೋಗುತ್ತದೆ. ಅವಳೇ ಮೆಟ್ಟಿಲಿಂದ ಬಿದ್ಲಮ್ಮ, ಅಂದಳು ಅಕ್ಕ, ಅಮ್ಮ ನಂಬಿದಳು, ನನ್ನ ಬಾಯಿ ತುಂಬ ಹತ್ತಿ. ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಮೇಲಿನವು ಕೆಳಗಿನವನ್ನು ಮುಟ್ಟುತ್ತಲೇ ಇರಲಿಲ್ಲ. ನೆಟ್ಟಗಾದ ಮೇಲೆ ಮಸೆದೆ, ಇಷ್ಟು ವರ್ಷ ಬೇಕಾದಷ್ಟು ಮಸೆದೆ. ಇವತ್ತೂ ಒಳಗೆ ಬಂದವಳೇ, ನೀನು ಮೆಟ್ಟಿಲಿಂದ ಬಿದ್ದು ತುಟಿ ಒಡ್ಕೊಂಡಿದ್ಯಲ್ಲ, ಆಗ ಇದನ್ನೇ ತಾನೆ ಹಾಕ್ಕೊಂಡಿದ್ದಿದ್ದು? ತನ್ನ ಸುಳ್ಳನ್ನು ತಾನೇ ನಂಬಿ ಕೂತಿದ್ದಾಳೆ, ಮರೆತೇಬಿಟ್ಟಿದ್ದಾಳೆ, ಅದನ್ನು ಮಾತ್ರ ನಾನು ಬಿಡುವುದಿಲ್ಲ.

ಹುಡುಗಿಗೆ ಕಟ್ಟಿ ಆಯಿತು, ಮುಂದೆ ಬಾ ಅಕ್ಕ, ಕಂಬಿ ಹಿಡಿದು ಎಳಿ, ಮನೆಯವರು ಒಮ್ಮೆ ಎಳೆದು ನೋಡಲೇಬೇಕು. ಎಲ್ಲರಿಗೂ ಹೇಳುವ ಮಾತೇ, ಜೊತೆಗೆ ಇನ್ನೊಂದು ಮಾತೂ ಹೇಳುತ್ತೇನೆ, ಈಗಿನ ಪಟ್ಟಿಗೆ ಕೊಂಡಿ ಇದೆ, ಜಾಸ್ತಿ ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ, ಕಂಬಿ ವಾಪಸ್ ಹೊಡೆಯುವುದಿಲ್ಲ. ಅದನ್ನು ಹುಡುಗಿಗೆ ಆಗಲೇ ಹೇಳಿದ್ದೇನೆ, ಪಾಪ ಅದು ಯಾಕೆ ಹೆದರಬೇಕು. ಅಕ್ಕನಿಗೆ ಹೇಳಲಿಲ್ಲ. ಜೋರಾಗಿ ಅಕ್ಕ, ಇನ್ನೂ ಜೋರಾಗಿ, ನಿನಗೆ ಹೇಳಿಕೊಡಬೇಕೇ. ಎಳೆದಳು. ಕುರ್ಚಿಯ ಹಿಂದೆ ಕೊಂಡಿ ಸದ್ದಿಲ್ಲದೆ ಬಿಚ್ಚಿ ಪಟ್ಟಿ ನನ್ನ ಅಂಗೈಗೆ ಬಿತ್ತು, ಅವಳಿಗೆ ಕಾಣಿಸದು, ಬೆರಳಿಗೆ ಬಿಗಿ ತಪ್ಪಿದ್ದೂ ಗೊತ್ತಾಗದು, ಅವಳಿಗೆ ಕಾಣುವುದು ಮಗಳ ತುಟಿ, ತುಟಿಯ ಮುಂದೆ ಕಂಬಿಯ ತುದಿ — ತಲೆಯೆತ್ತಿದಳು, ಮಗಳನ್ನಲ್ಲ, ನನ್ನ ಬಾಯಿಯನ್ನು ನೋಡಿದಳು, ಆ ಗಂಟನ್ನು, ಮುಖದ ಬಣ್ಣವೇ ಇಳಿದುಹೋಯಿತು, ನೆನಪಿಗೆ ಬಂತು, ಮೆಟ್ಟಿಲು ಬಂತು, ಎಲ್ಲ ಬಂತು, ಪಿಸುಮಾತಲ್ಲಿ ಕೇಳುತ್ತಾಳೆ, ಬಿಡ್ಲಾ?

ಹೂಂ ಅಂದರೆ ಮುಗಿಯಿತು. ಏನೂ ಆಗುವುದಿಲ್ಲ ಬಿಡು ಅಂದರೆ ಮುಗಿಯಿತು. ಹೊಟ್ಟೆ ತಣ್ಣಗಾಗಿದೆ, ಇನ್ನೂ ಸ್ವಲ್ಪ ತಣ್ಣಗಾಗಲಿ, ನಾಲಿಗೆ ಗಂಟಿನ ಮೇಲಿದೆ, ಮಾತಿಗೆ ಬರುತ್ತಿಲ್ಲ, ಬಿಡ್ಲಾ, ಹೇಳೇ, ಬಿಡ್ಲಾ, ಎರಡು ಬೆರಳು, ಬಿಗಿದು ಬೆಳ್ಳಗಾದ ಎರಡು ಬೆರಳು, ಕಂಬಿ, ಕಂಬಿಯ ಮೇಲೆ ಎರಡು ಬೆರಳು